ಹಾಲುಹಲ್ಲು

"ಹಲ್ಲು ನೋಡಿ ಅಕ್ಕ. ಕೆಳಗಡೆ. ಎರಡು."

ಕಾಂಗ್ ರುಯಿಯಿಂಗ್ ಫೋನಿನ ಮೇಲೆ ಬೆರಳಾಡಿಸಿ ಚಿತ್ರವನ್ನು ಹಿಗ್ಗಿಸಿದಳು. ನಗುತ್ತಿದ್ದ ಕೂಸಿನ ಕೆಳವಸಡಿನಲ್ಲಿ ನುಚ್ಚಕ್ಕಿಯಂಥ ಎರಡು ಹಲ್ಲು ಇಣುಕಿದ್ದವು.

"ನನ್ನ ಮಗನಿಗೆ ಹಲ್ಲೇ ಬಂದಿರ್ಲಿಲ್ಲ," ಎಂದಳು. "ಹಲ್ಲು ಬರೋವಷ್ಟು ದಿನ ಅವನು ಇರ್ಲೇ ಇಲ್ಲ."

ಪತ್ತೇದಾರಿ ಪಾನ್ ಯುಯೆಶ್ಯಾ ಮುಂದಿದ್ದ ಹೂಮೀನಿನ ಗಂಜಿಯ ಬಟ್ಟಲನ್ನು ಪಕ್ಕಕ್ಕೆ ಸರಿಸಿದಳು. ತೈನಾನ್ ಪೇಟೆಯ ಆ ಗಂಜಿ ಅಂಗಡಿಯಲ್ಲಿ ಬೆಳಗಿನ ಗಿರಾಕಿಗಳ ಸದ್ದು ಅಡಗಿತ್ತು. ಒಲೆಯ ಹತ್ತಿರ ರುಯಿಯಿಂಗ್‌ಳ ಗಂಡ ಆಶಿಂಗ್ ಬೆನ್ನು ತೋರಿಸಿಕೊಂಡು ದೊಡ್ಡ ಹಂಡೆಯನ್ನು ಉಜ್ಜುತ್ತಿದ್ದ.

ಏಪ್ರಿಲ್‌ನ ಒಂದು ಮಧ್ಯಾಹ್ನ ಮಲಗಿದ ಅವರ ನಾಲ್ಕು ತಿಂಗಳ ಮಗ ಯುವಾನ್‌ಯುವಾನ್ ಮತ್ತೆ ಏಳಲಿಲ್ಲ. ಜುಲೈನಲ್ಲಿ ಅದೇ ಮುಖ ಹಾಲಿನ ಪುಡಿಯ ಜಾಹೀರಾತಿನಲ್ಲಿ ನಗುತ್ತಾ ತಾಯಿಯ ಫೋನಿಗೇ ಬಂತು. ಅದನ್ನು ಅಲ್ಲಿಗೆ ತಂದವರು ಯಾರು ಎಂಬುದೇ ಪಾನ್ ಒಪ್ಪಿಕೊಂಡಿದ್ದ ಕೆಲಸ.

ಮುಖ ಅವನದೇ. ಅದರಲ್ಲಿ ಅನುಮಾನವಿರಲಿಲ್ಲ. ಬಲಗಿವಿಯ ತುದಿ ಇಲಿ ಕಚ್ಚಿದಂತೆ ಚೂರು ಕಮ್ಮಿ, ಹುಟ್ಟುವಾಗಲೇ ಇದ್ದದ್ದು. ಮೈಮೇಲಿನ ಹಳದಿ ಹೊದಿಕೆಯಲ್ಲಿ ಒಂದೇ ಒಂದು ಸಾಲು ಹಸಿರು. ಹೆಣೆಯುವಾಗ ನೂಲು ಸಾಲದೆ ಅಜ್ಜಿ ಸಿಕ್ಕಿದ್ದನ್ನು ಸೇರಿಸಿದ್ದಳಂತೆ. ಅಷ್ಟು ನಿಜ. ಹಲ್ಲು, ತುಂಬಿಕೊಂಡ ತೋಳು, ಉದ್ದವಾದ ಕೂದಲು, ಇಷ್ಟನ್ನು ಯಾರೋ ಕಂಪ್ಯೂಟರಿನಲ್ಲಿ ಮಾಡಿದ್ದರು.

"ಯಾರೋ ನನ್ನ ಮಗನನ್ನ ಬೆಳೆಸ್ತಿದ್ದಾರೆ ಅಕ್ಕ," ಎಂದಳು ರುಯಿಯಿಂಗ್. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಅದೇ ಪಾನ್‌ಳನ್ನು ಮೊದಲಿಂದಲೂ ಕಾಡಿದ್ದು.

ಫೋನು ಟಿಂಗ್ ಎಂದಿತು. ಬಸುರಿಯಾಗಿದ್ದಾಗ ಹೆರಿಗೆಯ ದಿನಾಂಕ ಬರೆದು ಹಾಕಿಕೊಂಡಿದ್ದ ಆ್ಯಪ್. *ನಿಮ್ಮ ಕಂದ ಈಗ ಕೂರಲು ಕಲಿಯುತ್ತಿದ್ದಾನೆ. ನಿಮ್ಮ ಹಾಲೊಂದೇ ಅವನಿಗೆ ಸಾಕಾಗುತ್ತಿದೆಯೇ?* ಕೆಳಗೆ ನಗುವ ಚಂದ್ರನ ಚಿತ್ರವಿದ್ದ ಡಬ್ಬಿ.

"ಇದನ್ನ ತೆಗೆದು ಬಿಸಾಕಬಾರದೇನೆ?"

"ಬಿಸಾಕಿದ್ರೆ ಅವನಿಗೆ ಇವತ್ತಿಗೆ ಎಷ್ಟು ತಿಂಗಳು ಅಂತ ಹೇಳೋರು ಯಾರೂ ಇರಲ್ಲ." ರುಯಿಯಿಂಗ್ ಗಂಡನ ಬೆನ್ನಿನತ್ತ ನೋಡಿದಳು. "ಮನೇಲಿ ಅವನ ಹೆಸರು ಎತ್ತೋ ಹಾಗಿಲ್ಲ. ಎದೆಹಾಲು ಇನ್ನೂ ಬತ್ತಿಲ್ಲ, ದಿನಾ ಹಿಂಡಿ ಚೆಲ್ತೀನಿ. ಸುಡೋ ಜಾಗಕ್ಕೂ ನನ್ನ ಬಿಡ್ಲಿಲ್ಲ. ಹೆತ್ತವರು ಮಕ್ಕಳನ್ನ ಕಳಿಸಿಕೊಡಬಾರದಂತೆ. ಅತ್ತೆ ಬಾಗಿಲಿಗೆ ಅಡ್ಡ ನಿಂತುಬಿಟ್ರು."

ಹಂಡೆ ಉಜ್ಜುವ ಸದ್ದು ಒಂದು ಕ್ಷಣ ನಿಂತು ಮತ್ತೆ ಶುರುವಾಯಿತು.

ಪಾನ್ ಎದ್ದು ಒಲೆಯ ಬಳಿ ಹೋದಳು. "ಆಶಿಂಗ್, ಈ ಫೋಟೋ ತೆಗೆದಿದ್ದು ಮೇಲಿನ ಕೋಣೇಲಿ, ನಿನ್ನ ಹೆಂಡತಿ. ಎಲ್ಲೂ ಹಾಕಿಲ್ಲ, ಯಾರಿಗೂ ಕಳಿಸಿಲ್ಲ ಅಂತಾಳೆ. ತಿಂಗಳು ತುಂಬಿದಾಗ ಬಂದಿದ್ದ ಸ್ಟುಡಿಯೋದವನನ್ನ ವಿಚಾರಿಸಿದೆ. ಆಗಿನ್ನೂ ಈ ಹೊದಿಕೇನೇ ಹೆಣೆದಿರಲಿಲ್ಲ. ಉಳಿದದ್ದು ನೀನು."

"ನಾನಲ್ಲ."

"ತೋರಿಸು."

ಅವನು ಒದ್ದೆ ಕೈ ಒರೆಸಿಕೊಂಡು ಫೋನನ್ನು ಅವಳ ಮುಂದೆ ಹಿಡಿದ. ಮೀನು ಮಾರುಕಟ್ಟೆಯ ಚಿತ್ರ, ಸ್ಕೂಟರಿನ ಚಿತ್ರ, ಗ್ಯಾಸ್ ಸಿಲಿಂಡರಿನ ಚಿತ್ರ. ಮಗುವಿನದು ಒಂದೂ ಇರಲಿಲ್ಲ.

"ಎಲ್ಲಾ ಅಳಿಸಿಬಿಟ್ಟೆ ಅಕ್ಕ," ಎಂದ. "ಕಣ್ಣಿಗೆ ಬಿದ್ರೆ ಕೈ ಓಡಲ್ಲ. ಕೈ ಓಡದಿದ್ರೆ ಅಂಗಡಿ ಬಾಗಿಲು ತೆಗೆಯೋದು ಯಾರು? ಮನೇಲಿ ಅಳೋಕೆ ಒಬ್ಬಳಿದ್ದಾಳೆ. ಇಬ್ಬರೂ ಕೂತು ಅತ್ತರೆ ಆಗುತ್ತಾ?"

ಅವನ ಮಾತು ಒರಟಾಗಿತ್ತು. ಆದರೆ ಹಂಡೆ ಅಷ್ಟು ಹೊತ್ತಿಗೆ ಬೆಳ್ಳಿಯಂತೆ ಹೊಳೆಯುತ್ತಿತ್ತು. ಆದರೂ ಅವನು ಅದನ್ನೇ ಉಜ್ಜುತ್ತಿದ್ದ.

ಪಾನ್ ಮೇಜಿಗೆ ಮರಳಿದಳು. ಗಂಡನಲ್ಲ, ಸ್ಟುಡಿಯೋದವನಲ್ಲ. ಉಳಿದ ದಾರಿ ಒಂದೇ: ಚಿತ್ರ ಹೊರಟ ಕಡೆಯಿಂದಲ್ಲ, ಅದು ಹೋಗಿ ಸೇರಿದ ಕಡೆಯಿಂದ ಹುಡುಕುವುದು. ಆ ಕಡೆಯಿಂದ ಅವಳಿಗೆ ಒಂದು ಸುಳಿವು ಸಿಕ್ಕಿತ್ತು.

"ಯೂಲಾನ್ ಅಕ್ಕ ಸಿಕ್ಕಿದ್ಲು," ಎಂದಳು.

ರುಯಿಯಿಂಗ್ ತಲೆಯೆತ್ತಿದಳು.

ಹಾಲುಣಿಸುವ ತಾಯಂದಿರಿಗೆಂದೇ ಅಂತರ್ಜಾಲದಲ್ಲಿ ಒಂದು ಗುಂಪಿತ್ತು. 'ತಾಯಿಹಾಲಿನ ಅಂಗಳ' ಎಂದು ಹೆಸರು. ಮೊಲೆ ಕಟ್ಟಿದರೆ ಏನು ಮಾಡಬೇಕು, ಹಾಲು ಹೆಚ್ಚಲು ಪಪಾಯದ ಸಾರು ಹೇಗೆ ಮಾಡಬೇಕು, ಅತ್ತೆ ಚುಚ್ಚಿ ಮಾತಾಡಿದರೆ ಹೇಗೆ ಸಹಿಸಬೇಕು, ಎಲ್ಲಕ್ಕೂ ಅಲ್ಲಿ ಯೂಲಾನ್ ಅಕ್ಕನೇ ಉತ್ತರ. ರುಯಿಯಿಂಗ್ ಕೂಡ ಆ ಗುಂಪಿನಲ್ಲಿದ್ದಳು. ಚಂದ್ರನ ಡಬ್ಬಿಯ ಜಾಹೀರಾತು ಅವಳ ಫೋನಿಗೆ ಬರತೊಡಗಿದ್ದೂ ಆ ಗುಂಪು ಸೇರಿದ ಮೇಲೆಯೇ.

"ಐವತ್ತೆರಡಕ್ಕೆ ಸುಳ್ಳು ಬಾಣಂತಿಯಾದೆ ಕಣೆ," ಎಂದಳು ಪಾನ್. "ಮಗು ಅಳುತ್ತೆ, ನಿದ್ದೆ ಇಲ್ಲ ಅಂತ ಗುಂಪಲ್ಲಿ ಬರೆದೆ. ಸ್ವಲ್ಪ ಹೊತ್ತಿಗೇ ಗುಟ್ಟಾಗಿ ನನಗೊಬ್ಬಳಿಗೇ ಮಾತಾಡೋಕೆ ಬಂದ್ಲು. ನನ್ನ ಮಗುವಿನ ಹೆಸರು ಕೇಳಿದ್ಲು, ನಾನು ಊಟ ಮಾಡಿದ್ನಾ ಅಂತ ಕೇಳಿದ್ಲು. ನನ್ನ ಸ್ವಂತ ಅಕ್ಕ ಕೂಡ ಅಷ್ಟು ಕೇಳಿಲ್ಲ. ಮೂರನೇ ದಿನಕ್ಕೆ ಬಿಟ್ಟಿ ಡಬ್ಬಿ ಬಂತು. 'ಮನೇಲಿ ಇರಲಿ, ಧೈರ್ಯಕ್ಕೆ' ಅಂತ ಚೀಟಿ."

ಡಬ್ಬಿ ಬಂದದ್ದು ಮೂಲೆ ಅಂಗಡಿಯ ಪಾರ್ಸಲ್ಲಿನಲ್ಲಿ. ಆ ಊರಿನಲ್ಲಿ ಪೊಟ್ಟಣ ಪಡೆದು ಕಳಿಸುವುದೂ ಅಂಥ ಅಂಗಡಿಗಳೇ. ಕಳಿಸಿದ ಅಂಗಡಿ ಯಾವುದೆಂದು ಪೊಟ್ಟಣದ ಮೇಲೆಯೇ ಇತ್ತು. ಪಾನ್ ಅಲ್ಲಿ ಐಸ್ ಚಹಾ ಹೀರುತ್ತಾ ಕಾದು ಕುಳಿತಿದ್ದಳು. ಅಂಥದ್ದೇ ಪೊಟ್ಟಣಗಳನ್ನು ಚೀಲದ ತುಂಬ ತಂದು ಸುರಿದವಳನ್ನು ಹಿಂಬಾಲಿಸಿದ್ದಳು.

"ಯಾರವಳು?" ರುಯಿಯಿಂಗ್ ಕೇಳಿದಳು.

"ಟೂ ಪೇಯ್‌ಚುನ್ ಅಂತ. ಜಾಹೀರಾತು ಕಂಪನಿಯ ಕೆಲಸದವಳು."

"ವಯಸ್ಸಾದವಳಾ?"

"ನಿನ್ನ ಓರಗೆಯವಳು. ಕನ್ನಡಕದ ಅಂಗಡಿ ಮೇಲೆ ಆಫೀಸು."

"ಮದುವೆ ಆಗಿದೆಯಾ? ಮಕ್ಕಳು?"

"ಒಂದು ಗಂಡು. ಬೆಳಿಗ್ಗೆ ಮಾಝು ದೇವಿ ಗುಡಿ ಹಿಂದಿನ ಓಣೀಲಿ ಲ್ಯಾವ್ ಚಿಕ್ಕಮ್ಮ ಅನ್ನೋರ ಹತ್ರ ಬಿಟ್ಟು ಕೆಲಸಕ್ಕೆ ಹೋಗ್ತಾಳೆ. ಇವತ್ತು ಮಾತಾಡಿಸ್ತೀನಿ. ನೀನು ಏನೂ ಮಾಡಕ್ಕೆ ಹೋಗಬೇಡ. ತಿಳೀತಾ?"

"ತಿಳೀತು," ಎಂದಳು ರುಯಿಯಿಂಗ್. ಪಾನ್‌ಳ ಮುಂದಿನ ತಣ್ಣಗಾದ ಗಂಜಿಯನ್ನು ತೆಗೆದುಕೊಂಡು ಹೋಗಿ ಬಿಸಿಯದನ್ನು ತಂದಿಟ್ಟಳು. "ತಿಂದು ಹೋಗಿ ಅಕ್ಕ. ತುಂಬಾ ಉಪಕಾರ ಆಯ್ತು."

ಇಷ್ಟು ದಿನದಲ್ಲಿ ಅವಳು ನಕ್ಕದ್ದನ್ನು ಪಾನ್ ನೋಡಿದ್ದು ಅದೇ ಮೊದಲು.

ಮಧ್ಯಾಹ್ನ ಪಾನ್ ಹೋದಾಗ ಆ ಆಫೀಸಿನ ನಾಲ್ಕಾರು ಮೇಜುಗಳು ಖಾಲಿಯಿದ್ದವು. ಎಲ್ಲರೂ ಊಟಕ್ಕೆ ಇಳಿದು ಹೋಗಿದ್ದರು. ಒಳಗಿನ ಸಾಮಾನು ಕೋಣೆಯಿಂದ ಮಾತ್ರ ಸಣ್ಣ ಯಂತ್ರವೊಂದು ಉಸಿರೆಳೆದು ಬಿಡುವಂಥ ಸದ್ದು. ಪಾನ್ ಬಾಗಿಲ ಹೊರಗೆ ಕುರ್ಚಿ ಎಳೆದುಕೊಂಡು ಕುಳಿತಳು. ಹಾಲು ತೆಗೆಯುವ ಆ ಕೆಲಸ ಅರ್ಧಕ್ಕೆ ನಿಲ್ಲಿಸಿದರೆ ಎದೆ ಎಷ್ಟು ನೋಯುತ್ತದೆಂದು ಇಬ್ಬರನ್ನು ಹೆತ್ತ ಅವಳಿಗೆ ಗೊತ್ತಿತ್ತು.

ಸದ್ದು ನಿಂತಿತು. ಅಂಗಿಯ ಗುಂಡಿ ಹಾಕಿಕೊಳ್ಳುತ್ತಾ, ಕೈಯಲ್ಲಿ ತಂಪು ಚೀಲ ಹಿಡಿದು ಟೂ ಪೇಯ್‌ಚುನ್ ಹೊರಬಂದಳು.

"ಯೂಲಾನ್ ಅಕ್ಕ," ಎಂದಳು ಪಾನ್.

ಚೀಲ ಕೈಯಿಂದ ಜಾರಲಿಲ್ಲ. ಆದರೆ ಅವಳು ಅದನ್ನು ಎದೆಗವಚಿಕೊಂಡಳು.

"ಯಾರು ನೀವು?"

"ನಿದ್ದೆ ಇಲ್ಲದ ಬಾಣಂತಿ. ಮೊನ್ನೆ ನನಗೆ ಡಬ್ಬಿ ಕಳಿಸಿದ್ಯಲ್ಲ."

ಪೇಯ್‌ಚುನ್ ಅವಳ ನರೆತ ತಲೆಯನ್ನು ದಿಟ್ಟಿಸಿದಳು. "ಆರೋಗ್ಯ ಇಲಾಖೆಯೋರಾ?"

"ಅವರು ಬಂದಿದ್ರೆ ನಿನಗೇ ಒಳ್ಳೇದಿತ್ತು. ವರ್ಷ ತುಂಬದ ಮಕ್ಕಳ ಪುಡಿಗೆ ಜಾಹೀರಾತು ಹಾಕೋ ಹಾಗಿಲ್ಲ, ಗೊತ್ತು ತಾನೆ?"

"ಜಾಹೀರಾತು ಎಲ್ಲಿದೆ? ನಾವು ಹಾಕೋದೆಲ್ಲ ವರ್ಷ ತುಂಬಿದವರ ಪುಡಿದು."

"ಡಬ್ಬಿ ಒಂದೇ, ಚಂದ್ರ ಒಂದೇ. ಮೂಲೇಲಿ ಬರೆದಿರೋ ಅಂಕಿ ಮಾತ್ರ ಬೇರೆ. ನಿದ್ದೆಗೆಟ್ಟ ತಾಯಿ ಅಂಕಿ ನೋಡ್ತಾಳಾ?"

"ಗುಂಪಲ್ಲಿ ಪುಡಿ ಹೆಸರೇ ನಾನು ಎತ್ತಲ್ಲ. ಅಕ್ಕ ತಂಗೀರು ಕೂತು ಮಾತಾಡ್ಕೊಳ್ಳೋದು ಜಾಹೀರಾತಾ?" ಪೇಯ್‌ಚುನ್ ದನಿ ಏರಿತು. "ಬೈಯೋದಾದ್ರೆ ಬೈದುಬಿಡಿ. ನನ್ನ ಮಗನಿಗೆ ಇದು," ಚೀಲವನ್ನು ಮುಂದೆ ಹಿಡಿದಳು, "ಊರ ಮಕ್ಕಳಿಗೆ ಅದು, ಅಂತ ತಾನೆ? ನನ್ನ ಗಂಡ ದಿನಾ ಆಡ್ಕೋತಾನೆ. ಏನ್ ಮಾಡ್ಲಿ? ಮಗ ಬಾಟ್ಲಿ ಕಂಡ್ರೆ ಮುಖ ತಿರುಗಿಸ್ತಾನೆ. ಚಮಚದಲ್ಲಿ ಕುಡಿಸಬೇಕು."

ಪಾನ್ ಫೋನು ತೆಗೆದು ಮೇಜಿನ ಮೇಲಿಟ್ಟಳು. ಹಳದಿ ಹೊದಿಕೆ, ಚೂರು ಕಮ್ಮಿಯಿದ್ದ ಕಿವಿ, ಎರಡು ಹಲ್ಲು.

ಪೇಯ್‌ಚುನ್ ಚಿತ್ರದತ್ತ ಬಗ್ಗಿದಳು. ಅವಳು ಹತ್ತಿರದ ಕುರ್ಚಿಯಲ್ಲಿ ಕುಸಿದಳು.

"ಇವನು ಹೋಗಿಬಿಟ್ಟಿದ್ದಾನೆ ಅಂತ ನಿನಗೆ ಗೊತ್ತಾ?" ಪಾನ್ ಮೆಲ್ಲಗೆ ಕೇಳಿದಳು.

"ಗೊತ್ತು."

"ಗೊತ್ತಿದ್ದೂ ಹಾಕಿದ್ಯಾ?"

"ನಾನು ಹಾಕಿಲ್ಲ. ನಾನು ಮಾಡಿದ್ದು ಅಷ್ಟೇ." ಅವಳು ಚಿತ್ರವನ್ನು ಬೆರಳಿನಿಂದ ಮುಟ್ಟಿ ತಕ್ಷಣ ಕೈ ಹಿಂದೆಗೆದಳು. "ಮೊದಲು ಮಾಡಿದಾಗ ಹಲ್ಲಿರ್ಲಿಲ್ಲ. ಆಮೇಲಿನ ತಿಂಗಳು ಒಂದು ಹಲ್ಲು ಹಾಕಿದೆ. ಈ ಸಲ ಎರಡು. ನನ್ನ ಮಗನಿಗೆ ಬಂದ ಹಾಗೇ ಇವನಿಗೂ ತರಿಸ್ತಾ ಹೋದೆ. ನಮ್ಮ ಯಜಮಾನರು ಕಂಪ್ಯೂಟರಲ್ಲಿ ನೋಡಿ 'ಮುದ್ದಾಗಿದೆ, ಇದನ್ನೇ ಹಾಕು' ಅಂದ್ರು. ಬೇಡ ಸಾರ್, ಇದು ಬೇರೆಯವರ ಮಗು ಅಂದೆ. 'ಯಾರ ಮಗು? ಅರ್ಧ ಕಂಪ್ಯೂಟರ್ ಮಾಡಿರೋದಲ್ವಾ' ಅಂದ್ರು. ಬೆಳಿಗ್ಗೆ ಬರೋವಷ್ಟರಲ್ಲಿ ಸಾವಿರಾರು ಫೋನಲ್ಲಿ ಇವನು ನಗ್ತಾ ಇದ್ದ."

"ಮೂಲ ಫೋಟೋ ನಿನಗೆ ಕೊಟ್ಟಿದ್ದು ಯಾರು?"

ಪೇಯ್‌ಚುನ್ ವಿಚಿತ್ರವಾಗಿ ನೋಡಿದಳು. "ಅವನ ಅಮ್ಮ."

"ಯಾರು?"

"ಅವನ ಅಮ್ಮನೇ. ರುಯಿಯಿಂಗ್. ಇನ್ಯಾರು ಕೊಡ್ತಾರೆ?"

ಕೆಳಗಿನ ರಸ್ತೆಯಲ್ಲಿ ಸ್ಕೂಟರುಗಳ ಹಿಂಡು ಸಿಗ್ನಲ್ಲಿನಿಂದ ಹೊರಟ ಸದ್ದು. ಗಂಡನಲ್ಲ, ಸ್ಟುಡಿಯೋದವನಲ್ಲ. ಮೂರನೆಯವಳು ಎದುರಿಗೇ ಕುಳಿತು ಗಂಜಿ ಬಡಿಸಿದ್ದಳು. ಅವಳ ಫೋನನ್ನು ಮಾತ್ರ ಪಾನ್ ಕೇಳಿರಲೇ ಇಲ್ಲ.

"ಯಾವಾಗ ಕಳಿಸಿದ್ಲು?"

"ಮಗು ಹೋದ್ಮೇಲೆ. 'ಯೂಲಾನ್ ಅಕ್ಕ, ಇವನು ಇದ್ದಿದ್ರೆ ಈಗ ಹೇಗೆ ಕಾಣ್ತಿದ್ದ?' ಅಂತ ಕೇಳಿದ್ರು. ನಾನು ಏನು ಹೇಳ್ಲಿ? ನನ್ನ ಮಗನೂ ಅದೇ ಚಳಿಗಾಲದಲ್ಲಿ ಹುಟ್ಟಿದೋನು. ಮಾಡಿ ಕಳಿಸಿದೆ. ಉತ್ತರ ಬರ್ಲಿಲ್ಲ. ಮುಂದಿನ ತಿಂಗಳು ಮತ್ತೆ ಕೇಳಿದ್ರು. ಅವರು ಕೇಳೋದು, ನಾನು ಮಾಡೋದು. ಜಾಹೀರಾತು ಬಂದ ದಿನ ಒಂದೇ ಮಾತು ಬರೆದ್ರು."

"ಏನಂತ?"

"'ನೀವು ಎಲ್ಲಿರ್ತೀರಿ ಅಕ್ಕ?'"

ಪಾನ್ ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡಳು.

"ಹೇಳಿದ್ಯಾ?"

"ಇಲ್ಲ. ಹೆದರಿಕೆ ಆಯ್ತು. ಅಂಗಳದಿಂದ ಅವರ ಹೆಸರು ತೆಗೆದುಹಾಕಿದೆ." ಪೇಯ್‌ಚುನ್ ಕಣ್ಣೊರೆಸಿಕೊಂಡಳು. "ಅದಕ್ಕೇ ನಿಮ್ಮನ್ನ ಕಳಿಸಿದ್ರಾ?"

"ಅಷ್ಟಕ್ಕೇ ಹೆದರಿದ್ಯಾ? ಫೋಟೋ ಕದ್ದಿದ್ದು ಯಜಮಾನ. ನೀನು ಯಾಕೆ ಹೆದರಬೇಕು? ಇನ್ನೂ ಏನೋ ಇದೆ. ಹೇಳು."

ಪೇಯ್‌ಚುನ್ ತಂಪು ಚೀಲದ ಜಿಪ್ಪನ್ನು ಎಳೆಯುತ್ತಾ ಬಿಡುತ್ತಾ ಕುಳಿತಳು. ಆಮೇಲೆ ಬಂದ ದನಿ ಗುಂಪಿನ ಯೂಲಾನ್ ಅಕ್ಕನದಲ್ಲ, ಪರೀಕ್ಷೆಯಲ್ಲಿ ನಪಾಸಾದ ಹುಡುಗಿಯದು.

"ಏಪ್ರಿಲ್‌ನಲ್ಲಿ ಒಂದು ಮಧ್ಯಾಹ್ನ ಅವರು ಬರೆದಿದ್ರು. ಮಗು ಬೆಳಗಿಂದ ಅಳ್ತಿದೆ, ನನ್ನ ಹಾಲು ಸಾಲ್ತಿಲ್ಲ ಅನ್ಸುತ್ತೆ, ಅಂಗಡಿ ಕೆಲಸ, ನಿದ್ದೆ ಇಲ್ಲ, ಕಣ್ಣು ಕತ್ತಲೆ ಬರ್ತಿದೆ ಅಂತ. ಹಾಲು ಸಾಲ್ದೇ ಏನಿರ್ಲಿಲ್ಲ. ಮಗು ತೂಕ ಚೆನ್ನಾಗಿತ್ತು, ಅವರೇ ಹೇಳಿದ್ರು. 'ನಿಮ್ಮ ಹಾಲು ಸಾಕಷ್ಟಿದೆ' ಅಂತ ನಾನು ಹೇಳಬೇಕಿತ್ತು. ಆದ್ರೆ ನಮಗೆ ಕಲಿಸಿಕೊಟ್ಟಿರೋ ಮಾತು ಬೇರೆ. ಸಾಲುತ್ತೆ ಅಂತ ಯಾವತ್ತೂ ಹೇಳಬಾರದು. ಸಾಲಲ್ಲ ಅಂತಾನೂ ಹೇಳಬಾರದು. 'ಇರಬಹುದು' ಅನ್ನಬೇಕು."

"ನೀನು ಏನಂದೆ?"

"'ಇರಬಹುದು ಅಮ್ಮಾ. ಕಳಿಸಿದ ಡಬ್ಬಿ ಇದೆಯಲ್ಲ, ಒಂದು ಬಾಟ್ಲಿ ಕೊಟ್ಟು ಮಲಗಿಸಿ. ಹೊಟ್ಟೆ ತುಂಬಿದ್ರೆ ಬೇಗ ಏಳಲ್ಲ. ನೀವೂ ಮಲಗಿ. ತಾಯಿ ಆದವಳಿಗೂ ನಿದ್ದೆ ಬೇಕು.'"

ಅವಳಿಗೆ ಅಕ್ಷರ ಅಕ್ಷರವೂ ಬಾಯಿಗೆ ಬಂದಿತ್ತು.

"ಅವರು ಮಲಗಿದ್ರು. ಎದ್ದು ನೋಡಿದ್ರೆ..." ಪೇಯ್‌ಚುನ್ ಬಾಯಿಗೆ ಕೈ ಅಡ್ಡ ಹಿಡಿದಳು. "ಪುಡಿಯಿಂದ ಆಗಿದ್ದಲ್ಲ ಅಂತ ಡಾಕ್ಟರೇ ಹೇಳಿದ್ರಂತೆ. ಯಾಕೆ ಅಂತ ಯಾರಿಗೂ ಗೊತ್ತಾಗ್ಲಿಲ್ಲ. ಅವರೂ ನನ್ನ ಬೈಲಿಲ್ಲ. 'ನೀವು ಹೇಳಿದ್ರಿ, ನಾನು ಮಲಗಿಬಿಟ್ಟೆ ಅಕ್ಕ' ಅಂದ್ರು ಅಷ್ಟೇ. ಬಾಟ್ಲಿ ಕೊಟ್ಟಿದ್ದು ಗಂಡನಿಗೂ ಗೊತ್ತಿಲ್ಲ, ಅತ್ತೆಗೂ ಗೊತ್ತಿಲ್ಲ. ಡಾಕ್ಟರ್ ಬಿಟ್ರೆ ನನಗೆ ಒಬ್ಬಳಿಗೇ ಹೇಳಿದ್ದು. ನಾನು ಒಳ್ಳೇದಕ್ಕೇ ಹೇಳಿದ್ದೆ, ನಂಬ್ತೀರಾ? ಆವತ್ತು ನನಗೂ ನಿದ್ದೆ ಇರ್ಲಿಲ್ಲ."

ಪಾನ್ ನಂಬಿದಳು. ನಂಬಿದ್ದರಿಂದಲೇ ಅವಳಿಗೆ ಬೈಗುಳವೊಂದೂ ನೆನಪಾಗಲಿಲ್ಲ.

ನಾಲ್ಕು ತಿಂಗಳಿನಿಂದ ಆ ಹೆಣ್ಣು ಇಷ್ಟನ್ನೂ ಒಳಗೆ ಕಟ್ಟಿಕೊಂಡು ಗಿರಾಕಿಗಳಿಗೆ ಗಂಜಿ ಬಡಿಸಿದ್ದಾಳೆ. ಫೋಟೋ ಕದ್ದವರು ಯಾರೆಂದು ಅವಳು ಕೇಳಿದ್ದೇ ಸುಳ್ಳು. ಅವಳಿಗೆ ಬೇಕಾಗಿದ್ದದ್ದು ಒಂದು ಹೆಸರು, ಒಂದು ವಿಳಾಸ. ಅದಕ್ಕಾಗಿ ಒಬ್ಬ ಪತ್ತೇದಾರಿಯನ್ನು ಹಿಡಿದಳು. ಪತ್ತೇದಾರಿ ಹುಡುಕಿ ತಂದು ಮೇಜಿನ ಮೇಲೆ ಬಡಿಸಿದಳು.

ಪಾನ್ ದಡಕ್ಕನೆ ಎದ್ದಳು. "ಇವತ್ತು ಇಲ್ಲಿಗೆ ಯಾರಾದ್ರೂ ಬಂದಿದ್ರಾ? ನಿನ್ನ ಕೇಳ್ಕೊಂಡು?"

"ಇಲ್ಲ. ಯಾಕೆ?"

ಅಷ್ಟರಲ್ಲಿ ಪೇಯ್‌ಚುನ್‌ಳ ಫೋನು ಬಡಿದುಕೊಂಡಿತು. ಹೆಸರು ನೋಡಿ ಅವಳು ಕಣ್ಣೊರೆಸಿಕೊಂಡು ದನಿ ಸರಿಮಾಡಿಕೊಂಡಳು. "ಚಿಕ್ಕಮ್ಮ, ಇನ್ನೇನು ಹಾಲು ತರ್ತೀನಿ..."

"ಅವಸರ ಇಲ್ಲ ಕಣಮ್ಮ," ಲ್ಯಾವ್ ಚಿಕ್ಕಮ್ಮನ ಗಟ್ಟಿ ದನಿ ಪಾನ್‌ಗೂ ಕೇಳಿಸಿತು. "ಅದನ್ನೇ ಹೇಳೋಣ ಅಂತ ಮಾಡಿದೆ. ನಿಮ್ಮಕ್ಕ ಬಂದಿದ್ಲಲ್ಲ, ದೊಡ್ಡಪ್ಪನ ಮಗಳು. ಒಳ್ಳೇ ಸಮಯಕ್ಕೆ ಬಂದ್ಲು. ಇವನು ಹಸಿವಿಗೆ ಕಿರುಚಿ ಓಣಿ ಎಲ್ಲಾ ಒಂದು ಮಾಡಿದ್ದ."

"ಯಾವ ಅಕ್ಕ?"

"ನಿನ್ನ ಹೆಸರು ಹೇಳಿದ್ಲು, ಆಫೀಸು ಎಲ್ಲಿ ಅಂತಾನೂ ಹೇಳಿದ್ಲು. ಅವಳಿಗೂ ಎಳೇ ಮಗು ಇದೆಯಂತಲ್ಲ. ಇವನ ಅಳು ಕೇಳಿ ಅವಳ ಅಂಗಿ ಎಲ್ಲಾ ಒದ್ದೆ ಆಗೋಯ್ತು, ಪಾಪ. ಅಲ್ಲೇ ಕೂತು ಎದೆಗೆ ಹಾಕ್ಕೊಂಡ್ಲು. ಇವನೂ ಎಷ್ಟೋ ದಿನದಿಂದ ಗೊತ್ತಿರೋ ಹಾಗೆ ಕುಡಿದ ನೋಡು, ಗಟಗಟ ಅಂತ. ನನ್ನ ಕಣ್ಣಲ್ಲೂ ನೀರು ಬಂತು."

"ಚಿಕ್ಕಮ್ಮ." ಪೇಯ್‌ಚುನ್ ಎದ್ದು ನಿಂತಳು. "ಅವನು ಎಲ್ಲಿ?"

"ಅವಳ ಹತ್ರಾನೇ. ಸೆಕೆ ಅಂತ ಗುಡಿ ಅಂಗಳದಲ್ಲಿ ಒಂದು ಸುತ್ತು ಹಾಕ್ಕೊಂಡು ಬರ್ತೀನಿ ಅಂತ ಎತ್ತಿಕೊಂಡು ಹೋದ್ಲು. ಸ್ವಲ್ಪ ಹೊತ್ತಾಯ್ತು. ಯಾಕಮ್ಮ? ನೀನೇ ಕಳಿಸಿದ್ದು ಅಂದ್ಲಲ್ಲ?"

ತಂಪು ಚೀಲ ನೆಲಕ್ಕೆ ಬಿತ್ತು. ಪೇಯ್‌ಚುನ್ ಕಿರುಚಲಿಲ್ಲ. ಪಾನ್‌ಳ ತೋಳನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, "ನಾನು ಎಲ್ಲಿರ್ತೀನಿ ಅಂತ ಅವರಿಗೆ ಯಾರು ಹೇಳಿದ್ರು?" ಎಂದು ಕೇಳಿದಳು. "ಚಿಕ್ಕಮ್ಮನ ಮನೆ ಯಾರು ಹೇಳಿದ್ರು?"

ಪಾನ್ ಅವಳ ಮುಖ ನೋಡಲಾರದೆ ತನ್ನ ಫೋನಿನಲ್ಲಿ ರುಯಿಯಿಂಗ್‌ಳ ಸಂಖ್ಯೆ ಒತ್ತಿದಳು.

ಗಂಟೆ ಹೊಡೆಯಿತು. ಮತ್ತೆ ಹೊಡೆಯಿತು. ಎತ್ತಲಾರಳು ಎಂದುಕೊಳ್ಳುವಷ್ಟರಲ್ಲಿ ಆ ಕಡೆ ಯಾರೋ ಉಸಿರಾಡಿದ ಸದ್ದು. ಹಿಂದೆ ಜನರ ಗದ್ದಲ, ಗಾಲಿಪೆಟ್ಟಿಗೆಗಳ ಗಡಗಡ, ದಕ್ಷಿಣದ ಕಡೆಗೆ ಹೋಗುವ ರೈಲು ಬರುತ್ತಿದೆಯೆಂದು ಸಾರುವ ದನಿ.

"ರುಯಿಯಿಂಗ್! ಎಲ್ಲಿದ್ದೀಯೇ? ನಾನು ಹೇಳೋದು ಕೇಳು..."

"ಶ್!" ಎಂದಳು ರುಯಿಯಿಂಗ್. ಅವಳ ದನಿಯಲ್ಲಿ ಹಿಂದೆಂದೂ ಕೇಳಿರದ ನೆಮ್ಮದಿಯಿತ್ತು. "ಮೆಲ್ಲಗೆ ಮಾತಾಡಿ ಅಕ್ಕ. ಈಗಷ್ಟೇ ಮಲಗಿದಾನೆ. ಈ ಸಲ ನಾನು ಮಲಗಲ್ಲ."